ಚಿತ್ರದಲ್ಲಿರೋ ಸೀರೆ ಅಂಗಡಿಯಲ್ಲಿ ಯಾಕಿಲ್ಲ?

ಪ್ರಶ್ನೆ: ಅಕ್ಕಾ, ನಿಮ್ಮ ದೀಪಾವಳಿ ವಿಶೇಷಾಂಕದಲ್ಲಿ ಸಾಸಿವೆ ಬಣ್ಣದ ಇಳಕಲ್ ಸೀರೆಯ ಚಿತ್ರ ಹಾಕಿದ್ದಿರಿ. ಕೆಂಪು ಸೆರಗು, ಬದನೆಕಾಯಿ ಬಣ್ಣದ ಖಣದ ಕುಪ್ಪಸ. ತಂಗಿ ಮದುವೆಗೆ ಅದೇ ಬೇಕು ಅಂತ ಪುಟ ಹರಿದು ಪರ್ಸಿನಲ್ಲಿ ಇಟ್ಟುಕೊಂಡು ದಾವಣಗೆರೆಯಲ್ಲಿ ಐದು ಅಂಗಡಿ ಸುತ್ತಿದೆ. ಎಲ್ಲಾ ಕಡೆ ಒಂದೇ ಮಾತು, "ಆ ಪೀಸ್ ಖಾಲಿ ಆಯ್ತು ಮೇಡಂ, ಇದು ನೋಡಿ, ಈಗ ಇದೇ ಓಡ್ತಿರೋದು." ಮೂವತ್ತು ಸೀರೆ ಬಿಚ್ಚಿ ಗುಡ್ಡೆ ಹಾಕಿದರು, ಒಂದೂ ಅದಲ್ಲ. ಸಿಗದೇ ಇರೋದನ್ನು ಯಾಕೆ ಹಾಕ್ತೀರಿ? ಸುಮ್ನೆ ಹೊಟ್ಟೆ ಉರಿಸೋಕಾ?
ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿ ಆ ಪುಟ ತೆಗೆದು ನೋಡಿದೆ. ಕೆಳಗಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಸೀರೆ: ಸ್ವಂತ ಸಂಗ್ರಹ" ಅಂತಿದೆ. ಅಂದರೆ ಅದು ಯಾರದೋ ಮನೆಯ ಬೀರುವಿನ ಸೀರೆ. ಖಾಲಿ ಆಗೋಕೆ ಅದು ಅಂಗಡಿಗೆ ಬಂದೇ ಇರಲಿಲ್ಲ! ತಪ್ಪು ನಮ್ಮದೇ. ಕೊಳ್ಳೋಕೆ ಸಿಗುತ್ತದಾ, ಸಿಕ್ಕರೆ ಎಲ್ಲಿ, ಎಷ್ಟಕ್ಕೆ, ಇಷ್ಟನ್ನು ಕಣ್ಣಿಗೆ ಕಾಣೋ ಹಾಗೆ ಹಾಕಬೇಕು ಅಂತ ಸಂಪಾದಕರಿಗೆ ಹೇಳಿದ್ದೇನೆ. ಜಾಗ ಇರಲ್ಲ ಅಂದರು. ಅರ್ಧ ಪುಟದ ತಲೆಬರಹಕ್ಕೆ ಜಾಗ ಇರುತ್ತದೆ, ಇದಕ್ಕಿಲ್ಲ.

ಅಂಗಡಿಯಿಂದ ಎರವಲು ತಂದ ಸೀರೆಯದ್ದೂ ಹೆಚ್ಚು ಕಮ್ಮಿ ಇದೇ ಕಥೆ. ಹಬ್ಬದ ಸಂಚಿಕೆಗೆ ಎರಡು ಮೂರು ತಿಂಗಳು ಮೊದಲೇ ಫೋಟೊ ತೆಗೆದಿರುತ್ತಾರೆ. ಸಂಜೆಗೆ ಸೀರೆ ಮಡಚಿ ವಾಪಸ್ ಕೊಟ್ಟಿರುತ್ತಾರೆ. ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಅದು ಯಾರದೋ ಸೀಮಂತ ಮುಗಿಸಿರುತ್ತದೆ. ಇನ್ನು ಡಿಸೈನರ್ ಬಟ್ಟೆ ಆದರೆ ಎಷ್ಟೋ ಸಲ ಇರೋದೇ ಒಂದು ಸ್ಯಾಂಪಲ್. ಆರ್ಡರ್ ಬಂದರೆ ಹೊಲಿಯುತ್ತಾರೆ, ಇಲ್ಲದಿದ್ದರೆ ಅಲ್ಲಿಗೇ ಮುಗೀತು.

ಅದರ ಮೇಲೆ ನೀವು ಆಸೆಪಟ್ಟಿದ್ದು ಇಳಕಲ್ ಸೀರೆ. ಸೀರೆಯ ಒಡಲಿಗೆ ಒಂದು ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಕುವ ಎಳೆಗಳು), ಸೆರಗಿಗೆ ಇನ್ನೊಂದು ಹಾಸು, ಎರಡನ್ನೂ ಬೇರೆಬೇರೆ ಮಾಡಿಕೊಂಡು ಆಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಅಂತಾರೆ. ಕೈಮಗ್ಗದಲ್ಲಿ ಈ ಜೋಡಣೆ ಪ್ರತಿ ಸೀರೆಗೂ ಆಗಬೇಕು. ನೇಯುವವರ ಜೊತೆ ಮನೆಮಂದಿಯೂ ಕೂತು ಮಾಡುವ ಕೆಲಸ. ಹಾಗಾಗಿ ಸಾಸಿವೆ ಒಡಲಿಗೆ ಅದೇ ಕೆಂಪು, ಅದೇ ದಡಿ ಇರುವ ನೂರು ಸೀರೆ ಗೋದಾಮಿನಲ್ಲಿ ಬಿದ್ದಿರುತ್ತವೆ ಅನ್ನೋ ಮಾತೇ ಇಲ್ಲ. ಅಂಗಡಿಯಲ್ಲಿ ಹಾಗೆ ರಾಶಿ ಬಿದ್ದಿದ್ದರೆ ಅದು ಪವರ್‌ಲೂಮ್‌ದು ಇರಬಹುದು, ವಿಚಾರಿಸಿಯೇ ದುಡ್ಡು ಕೊಡಿ.

ಒಂದು ಕೆಲಸ ಮಾಡಿ. ಆ ಪುಟ ಪರ್ಸಿನಲ್ಲೇ ಇರಲಿ, ಅಂಗಡಿಯವರಿಗೆ ಬಾಯಲ್ಲಿ ಹೇಳಿ. ಚಿತ್ರ ತೋರಿಸಿದರೆ ಅವರು ಬಣ್ಣ ಮಾತ್ರ ನೋಡುತ್ತಾರೆ, ಹಳದಿ ಇರೋದನ್ನೆಲ್ಲ ಇಳಿಸುತ್ತಾರೆ. "ಇಳಕಲ್, ತೋಪತೆನಿ ಸೆರಗು, ಗೋಮಿ ದಡಿ, ಒಡಲು ಹತ್ತಿ" ಅಂದರೆ ಅವರಿಗೂ ಕೈ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. (ಕೆಂಪು ಸೆರಗಿನ ಮೇಲೆ ಬಿಳಿ ಗೋಪುರದ ಸಾಲಿನ ಹಾಗೆ ಕಾಣುತ್ತಲ್ಲ, ಅದೇ ತೋಪತೆನಿ. ಗೋಮಿ ಅಂದರೆ ದಡಿಯ ಒಂದು ವಿನ್ಯಾಸ.) ಮದುವೆಗೆ ಇನ್ನೂ ಟೈಮ್ ಇದ್ದರೆ ಇಳಕಲ್ಲಿಗೇ ಹೋಗಿ ನೇಕಾರರ ಹತ್ತಿರ ಆರ್ಡರ್ ಕೊಡಿ. ಅಲ್ಲಿ ಚಿತ್ರ ತೋರಿಸಿ, ಉಪಯೋಗಕ್ಕೆ ಬರುತ್ತದೆ. ಖಣ ಗುಳೇದಗುಡ್ಡದ್ದು, ಅದೂ ಬಾಗಲಕೋಟೆ ಜಿಲ್ಲೆಯೇ. ಒಂದೇ ಓಡಾಟದಲ್ಲಿ ಎರಡೂ ಆಗುತ್ತದೆ.

ಇನ್ನೊಂದು ಮಾತು. ಸೀರೆ ಸಿಕ್ಕರೂ ಬಣ್ಣ ಬೇರೆ ಅನ್ನಿಸಬಹುದು. ನಮ್ಮ ಪುಟ ಅಚ್ಚಾಗೋದು ನಾಲ್ಕೇ ಶಾಯಿಯಲ್ಲಿ. ರಾಣಿ ಪಿಂಕ್, ನವಿಲಿನ ಕುತ್ತಿಗೆ ಬಣ್ಣ ಇಂಥವೆಲ್ಲ ಕಾಗದದ ಮೇಲೆ ಮಂಕಾಗುತ್ತವೆ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಡಬಲ್ ಶೇಡ್ ಸೀರೆ ಅಂತೂ ನಡೆದಾಡಿದಾಗ ಹೊಳೆಯುವ ರೀತಿ ಯಾವ ಕ್ಯಾಮೆರಾಕ್ಕೂ ಸಿಗಲ್ಲ. ಬಿಸಿಲಿಗೆ ಹಿಡಿದು ನೋಡದೆ ಬಿಲ್ ಮಾಡಿಸಬೇಡಿ.

ಪ್ರಶ್ನೆ: ನಿಮ್ಮಲ್ಲಿ ಬಂದ ಬ್ಲೌಸ್ ಚಿತ್ರವನ್ನೇ ಟೈಲರ್‌ಗೆ ಕೊಟ್ಟು ಹೊಲಿಸಿದೆ. ಚಿತ್ರದಲ್ಲಿ ಮೈಗೆ ಅಂಟಿದ ಹಾಗಿದೆ, ನನ್ನದು ಭುಜದಿಂದ ಜಾರುತ್ತದೆ. ಟೈಲರ್ ಜೊತೆ ಜಗಳವೇ ಆಯಿತು. ಯಾರದು ತಪ್ಪು ಮೇಡಂ?
ಓದುಗರು, ಹಾಸನ

ಉತ್ತರ: ಪಾಪ, ಟೈಲರ್‌ದಲ್ಲ. ನಾನು ಒಂದು ಸಲ ಫೋಟೊ ತೆಗೆಯೋ ಕಡೆ ಹೋಗಿದ್ದೆ. ಎದುರಿಂದ ನೋಡಿದರೆ ಹುಡುಗಿಗೆ ಬ್ಲೌಸ್ ಅಳತೆ ತೆಗೆದು ಹೊಲಿದಂತಿತ್ತು. ಬೆನ್ನ ಹಿಂದೆ ನೋಡಿದರೆ ಕಾಗದಕ್ಕೆ ಹಾಕುವ ದಪ್ಪ ಕಪ್ಪು ಕ್ಲಿಪ್ಪುಗಳು, ಎಣಿಸಿದೆ, ಏಳು! ನಡುವಿನ ಹತ್ತಿರ ನಾಲ್ಕು ಸೇಫ್ಟಿ ಪಿನ್. ಬಟ್ಟೆ ಬಂದಿದ್ದು ಬೇರೆಯವರ ಅಳತೆಯದ್ದು, ಎಳೆದು ಕ್ಲಿಪ್ ಹಾಕಿ ನಿಲ್ಲಿಸಿದ್ದರು. "ಕೂತ್ಕೋಬೇಡ, ಕೈ ಎತ್ತಬೇಡ" ಅಂತ ಆ ಹುಡುಗಿಗೆ ಹೇಳುತ್ತಲೇ ಇದ್ದರು. ಅದನ್ನು ಹಾಕಿಕೊಂಡು ಮದುವೆ ಮನೆಯಲ್ಲಿ ಅಕ್ಷತೆ ಹಾಕೋಕೆ ಕೈ ಎತ್ತೋದು ಹೇಗೆ ಹೇಳಿ.

ಕತ್ತು ಅಷ್ಟು ಅಗಲ ಬೇಕಿದ್ದರೆ ಬೆನ್ನಿಗೆ ಲಾಡಿ ಇಡಿಸಿ, ಭುಜ ಜಾರಲ್ಲ. ಮುಂದಿನ ಸಲ ಚಿತ್ರದ ಜೊತೆ ನಿಮಗೆ ಸರಿಯಾಗಿ ಕೂರುವ ಒಂದು ಹಳೇ ಬ್ಲೌಸೂ ಕೊಡಿ. ಅಳತೆ ಅದರಿಂದ, ಕತ್ತಿನ ಆಕಾರ ಮಾತ್ರ ಚಿತ್ರದಿಂದ. ಜಗಳ ಆಡಿದ್ದೀರಲ್ಲ, ದಸರಾ, ದೀಪಾವಳಿ ಸೀಸನ್‌ಗೆ ಮುಂಚೆ ರಾಜಿ ಮಾಡ್ಕೊಂಡುಬಿಡಿ. ಆಮೇಲೆ ಯಾವ ಟೈಲರೂ ಕೈಗೆ ಸಿಗಲ್ಲ.

ಪ್ರಶ್ನೆ: ಪತ್ರಿಕೆಯಲ್ಲಿ ನೋಡಿದ ಮೈಸೂರು ಸಿಲ್ಕ್ ಕೇಳಿದರೆ ನಮ್ಮೂರಿನ ಅಂಗಡಿಯವರು ಬೇರೆ ಏನೋ ತೋರಿಸಿ "ಇದೂ ಅದೇ" ಅಂದರು. ನಂಬಬಹುದಾ?
ಓದುಗರು, ಚಿಕ್ಕಮಗಳೂರು

ಉತ್ತರ: ಚಿತ್ರದಲ್ಲಿದ್ದದ್ದು ಕೆಎಸ್‌ಐಸಿ ಸೀರೆ ಆಗಿದ್ದರೆ, ಅದೇ ಅಲ್ಲ. ಕೆಎಸ್‌ಐಸಿ ಅಂದರೆ ಸರ್ಕಾರದ ರೇಷ್ಮೆ ನಿಗಮದ್ದು, 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯದ್ದು. ಅದನ್ನು ಅವರದೇ ಮಳಿಗೆಯಲ್ಲಿ ಕೊಳ್ಳಿ. ಸೀರೆಯಲ್ಲೇ ಒಂದು ಕೋಡ್ ನಂಬರ್ ನೇಯ್ದಿರುತ್ತಾರೆ, ಅದನ್ನು ಹುಡುಕಿ. ಅಂಗಡಿಯವರು ತೋರಿಸಿದ್ದು ರೇಷ್ಮೆಯ ಕ್ರೇಪ್ ಸೀರೆಯೇ ಇರಬಹುದು, ಚೆನ್ನಾಗಿಯೂ ಇರಬಹುದು, ಬೇಡ ಅನ್ನಲ್ಲ. ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ ತಗೊಳ್ಳಿ, ಆದರೆ ಕೆಎಸ್‌ಐಸಿ ರೇಟ್ ಮಾತ್ರ ಕೊಡಬೇಡಿ. ಅಸಲಿದೇ ಬೇಕು ಅಂತ ಮಳಿಗೆಗೆ ಹೋದರೂ ಬೇಕಾದ ಬಣ್ಣ ಅವತ್ತೇ ಸಿಗುತ್ತದೆ ಅಂತಿಲ್ಲ, ಬಾಗಿಲು ತೆಗೆಯೋ ಮೊದಲೇ ಸಾಲು ನಿಂತಿರುತ್ತಾರೆ. ಎರಡನೇ ಬಣ್ಣ ಒಂದು ಮನಸ್ಸಲ್ಲಿ ಇಟ್ಕೊಂಡೇ ಹೋಗಿ.