ಒಂದು ಪತ್ರ ಸಾಲಲಿಲ್ಲ

"ಸಿನಾಯ್‌ನ ಸೇಂಟ್ ಕ್ಯಾಥರೀನ್ ಮಠಕ್ಕೆ ಪ್ರವಾದಿ ಮಹಮ್ಮದರೇ ಅಭಯಪತ್ರ ಕೊಟ್ಟಿದ್ದರಂತೆ, ನಿಜವೇ? ಕೊಟ್ಟಿದ್ದರೆ ಮಠದೊಳಗೆ ಮಸೀದಿ ಏಕಿದೆ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಈಜಿಪ್ಟಿನ ಸಿನಾಯ್‌ನಲ್ಲಿರುವ ಇದು ಕ್ರೈಸ್ತ ಸನ್ಯಾಸಿಗಳ ಮಠ.

ಪ್ರವಾದಿಯವರದೆನ್ನಲಾದ ಅಂಗೈ ಗುರುತಿನ ಆ ಪತ್ರದ ನಕಲುಗಳು ಇಂದಿಗೂ ಮಠದಲ್ಲಿವೆ. ಮೂಲ ಪ್ರತಿಯನ್ನು 1517ರಲ್ಲಿ ಈಜಿಪ್ಟನ್ನು ಗೆದ್ದ ಒಟ್ಟೋಮನ್ ಸುಲ್ತಾನ್ ಸೆಲೀಮ್ ಒಯ್ದನೆಂಬುದು ಮಠದವರ ನಂಬಿಕೆ. ಆದರೆ ಪತ್ರದಲ್ಲಿ ಇಸ್ಲಾಮಿಕ್ ಪಂಚಾಂಗದ ಹಿಜರಿ 2ನೇ ವರ್ಷದ ತಾರೀಕು ಇದೆ. ಸಾಕ್ಷಿಗಳ ಪಟ್ಟಿಯಲ್ಲಿರುವ, ಪ್ರವಾದಿಯ ಸಂಗಡಿಗ ಅಬೂ ಹುರೈರಾ ಮದೀನಕ್ಕೆ ಬಂದದ್ದೇ 7ನೇ ವರ್ಷದಲ್ಲಿ. ಹೀಗಾಗಿ ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ನಂತರದ ಬರಹವೆಂದೇ ಎಣಿಸುತ್ತಾರೆ. ನಮ್ಮ ಅಭಿಪ್ರಾಯವೂ ಅದೇ.

ಮಠವನ್ನು ಕಾದದ್ದು ಬೇರೆ ಕಾಗದಗಳು. ಒಬ್ಬರಾದ ಮೇಲೊಬ್ಬರು ಕೈರೋದಿಂದ ಈಜಿಪ್ಟನ್ನು ಆಳಿದ ಫಾತಿಮಿ ಖಲೀಫರು, ಸಲಾದಿನ್‌ನ ಮನೆತನದವರು, ಮಮ್ಲೂಕ್ ಸುಲ್ತಾನರು ಕೊಟ್ಟ ಫರ್ಮಾನುಗಳು ಅಲ್ಲಿ ರಾಶಿ ಇವೆ. ಸನ್ಯಾಸಿಗಳು ಕೈರೋಗೆ ಹೋಗಿ ಅರ್ಜಿ ಕೊಡಬೇಕಿತ್ತು: ಮೊದಲು ದೇವರ ನಾಮ, ಆಮೇಲೆ ನೆಲ ಮುಟ್ಟಿ ನಮಸ್ಕಾರ, ಬಳಿಕ ದೂರು, ಕೊನೆಗೆ ಕೋರಿಕೆ. ಅರ್ಜಿ ಮಂಜೂರಾದರೆ ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಬರೆದ ಉದ್ದನೆಯ ಸುರುಳಿ ತಯಾರಾಗುತ್ತಿತ್ತು. "ಸರ್ವಲೋಕಗಳ ಒಡೆಯನಾದ ಅಲ್ಲಾಹನಿಗೆ ಸ್ತುತಿ" ಎಂಬುದು ಫಾತಿಮಿ ಖಲೀಫನ ರುಜು. ದಫ್ತರದವರು ತಮ್ಮ ಪುಸ್ತಕದಲ್ಲಿ ದಾಖಲಿಸಿಕೊಂಡು ಸುರುಳಿಯ ಮೇಲೆಯೇ ಷರಾ ಬರೆಯುತ್ತಿದ್ದರು. ಇನ್ನೊಂದು ಮಾತು ಮುಖ್ಯ: ಓದಿದ ಅಧಿಕಾರಿ ಸುರುಳಿಯನ್ನು ಇಟ್ಟುಕೊಳ್ಳದೆ ಸನ್ಯಾಸಿಗಳಿಗೇ ಹಿಂತಿರುಗಿಸಬೇಕಿತ್ತು. ಮುಂದಿನ ಅಧಿಕಾರಿಯ ಎದುರು ಹಿಡಿಯಲು ಅವರ ಕೈಯಲ್ಲಿದ್ದ ಪುರಾವೆ ಅದೊಂದೇ.

ಇಷ್ಟಾದರೂ ತೊಂದರೆ ತಪ್ಪುತ್ತಿರಲಿಲ್ಲ. ರಾಜಧಾನಿ ದೂರ, ಕಂದಾಯ ಕೇಳುವವನು ಹತ್ತಿರ. ಸ್ಥಳೀಯ ಅಧಿಕಾರಿ ಹೊಸ ತೆರಿಗೆ ಹೇರುತ್ತಿದ್ದ, ಮರುಭೂಮಿಯ ಅಲೆಮಾರಿ ಬೆದೂಯಿನರು ತೋಟಕ್ಕೆ ನುಗ್ಗುತ್ತಿದ್ದರು. ದೊರೆ ಬದಲಾದರೆ ಹಳೆಯ ಫರ್ಮಾನಿನ ತೂಕವೂ ಇಳಿಯುತ್ತಿತ್ತು. ಮತ್ತೆ ಅರ್ಜಿ, ಮತ್ತೆ ಕೈರೋ. ಅದಕ್ಕೇ ಒಂದೇ ಮಾತನ್ನು ಹೇಳುವ ಫರ್ಮಾನುಗಳು ಅಷ್ಟೊಂದು ಉಳಿದಿವೆ. ಸನ್ಯಾಸಿಗಳಿಗೆ ಎಲ್ಲ ಕಾಲದಲ್ಲೂ ತಲೆಗಂದಾಯ ಮಾಫಿಯಾಗಿತ್ತು ಎಂಬುದೂ ಸರಿಯಲ್ಲ. 705ಕ್ಕೂ ಮೊದಲೇ ಈಜಿಪ್ಟಿನ ಅಧಿಪತಿ ಅಬ್ದುಲ್ ಅಜೀಜ್ ಇಬ್ನ್ ಮರ್ವಾನ್ ಸನ್ಯಾಸಿಗಳ ತಲೆ ಎಣಿಸಿ, ತಲೆಗೊಂದು ದಿನಾರ್ ವಿಧಿಸಿದ್ದ.

ಇನ್ನು ಮಸೀದಿ. ಚರ್ಚುಗಳನ್ನು ಕೆಡವಿಸುತ್ತಿದ್ದ ಫಾತಿಮಿ ಖಲೀಫ ಅಲ್-ಹಾಕಿಮ್‌ನಿಂದ ಪಾರಾಗಲು ಸನ್ಯಾಸಿಗಳೇ ಅದನ್ನು ತರಾತುರಿಯಲ್ಲಿ ಕಟ್ಟಿದರೆಂಬ ಕಥೆ ಜನಪ್ರಿಯ. ಅವನು 1009ರಲ್ಲಿ ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ಕೆಡವಿಸಿದ್ದು ನಿಜವಾದ್ದರಿಂದ ಕಥೆಗೆ ಬಲ ಬಂತು. ಆದರೆ ಮಸೀದಿಯ ಮರದ ಪ್ರವಚನ ಪೀಠವನ್ನೇ ನೋಡಿ. ಅದರ ಮೇಲೆ ಕೆತ್ತಿರುವುದು ಹಿಜರಿ 500, ಅಂದರೆ 1106. ಖಲೀಫ ಅಲ್-ಆಮಿರ್, ವಜೀರ ಅಲ್-ಅಫ್ದಲ್ ಇಬ್ಬರ ಹೆಸರೂ ಅಲ್ಲಿವೆ. ಅಷ್ಟರಲ್ಲಿ ಅಲ್-ಹಾಕಿಮ್ ಕಣ್ಮರೆಯಾಗಿ 85 ವರ್ಷ ಕಳೆದಿತ್ತು. ಪೀಠ ಮಾಡಿಸಿದ್ದು ಸರ್ಕಾರ, ಹೆದರಿದ ಸನ್ಯಾಸಿಗಳಲ್ಲ. ಮಠದ ಚಾಕರಿಗೆ ನಿಂತಿದ್ದ ಜಬಲಿಯಾ ಬೆದೂಯಿನರೂ ಇಸ್ಲಾಂ ಸ್ವೀಕರಿಸಿದವರೇ. ಅವರ ವಂಶದವರು ಈಗಲೂ ಅಲ್ಲಿ ದುಡಿಯುತ್ತಿದ್ದಾರೆ.

— ಸಂಪಾದಕ