ಹೆದ್ದಾರಿ ಬಿಟ್ಟು ಸಾಗಲು ಜಿಪಿಎಸ್

ಪ್ರಶ್ನೆ: ಬೈಕ್ ಪ್ರವಾಸದಲ್ಲಿ ಹೆದ್ದಾರಿ ಬೇಡವೆಂದು ನಕ್ಷೆಯಲ್ಲಿ ಆಯ್ಕೆ ಮಾಡಿದರೂ ಲಾರಿಗಳಿಂದ ತುಂಬಿದ ದೊಡ್ಡ ರಸ್ತೆಗೇ ಬಂದು ಸೇರುತ್ತೇನೆ. ಹೀಗೇಕೆ?

ಉತ್ತರ: ಗೂಗಲ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿರುವ ಈ ಆಯ್ಕೆಯು ನಕ್ಷೆಯ ದತ್ತಾಂಶದಲ್ಲಿ ಹೆದ್ದಾರಿಯೆಂದು ಗುರುತಿಸಿದ ರಸ್ತೆಗಳನ್ನಷ್ಟೇ ಬಿಡಲು ಯತ್ನಿಸುತ್ತದೆಯೇ ಹೊರತು, ಅಷ್ಟೇ ದಟ್ಟಣೆಯಿರುವ ಇತರ ರಸ್ತೆಗಳನ್ನಲ್ಲ, ಉಳಿದವುಗಳಲ್ಲಿ ಬೇಗ ತಲುಪಿಸುವ ದಾರಿಯನ್ನೇ ಅದು ಸಾಮಾನ್ಯವಾಗಿ ಮುಂದಿಡುತ್ತದೆ. ಆದ್ದರಿಂದ ಹೊರಡುವ ಹಿಂದಿನ ಸಂಜೆಯೇ ನಕ್ಷೆಯನ್ನು ಹಿಗ್ಗಿಸಿ ನೋಡಿ, ನಿಮಗೆ ಬೇಕಾದ ಸಣ್ಣ ರಸ್ತೆಯ ಮೇಲೆಯೇ ನಡುನಡುವೆ ನಿಲುಗಡೆಗಳನ್ನು ಗುರುತಿಸಿ. ಇಲ್ಲಿ ತಾಳ್ಮೆ ಬಹಳ ಮುಖ್ಯ. ಗುರುತು ರಸ್ತೆಯಿಂದ ತುಸು ಸರಿದು ಪಕ್ಕದ ಓಣಿಯ ಮೇಲೆ ಬಿದ್ದರೂ ಸಾಧನವು ನಿಮ್ಮನ್ನು ಆ ಓಣಿಯೊಳಗೆ ಕರೆದೊಯ್ದು, ಅಲ್ಲಿಂದಲೇ ಹಿಂದಿರುಗಿಸುತ್ತದೆ. ಹಾಗಾಗಿ ಕವಲಿನಲ್ಲೇ ಗುರುತಿಡದೆ, ಕವಲು ದಾಟಿ ಒಂದಿಷ್ಟು ಮುಂದೆ ಇಡುವುದು ಒಳ್ಳೆಯದು.

ಕರ್ವಿಗರ್, ಕ್ಯಾಲಿಮೊಟೊದಂಥ ಆ್ಯಪ್‌ಗಳು ಬೈಕ್ ಸವಾರರಿಗೆಂದೇ ರೂಪುಗೊಂಡಿದ್ದು, ತಿರುವುಗಳಿರುವ ರಸ್ತೆಗಳಿಗೆ ಆದ್ಯತೆ ನೀಡುತ್ತವೆ. ಅಲ್ಲಿ ರೂಪಿಸಿದ ದಾರಿಯನ್ನು ಜಿಪಿಎಕ್ಸ್ ಕಡತವಾಗಿ (ದಾರಿಯ ವಿವರವನ್ನು ಜಿಪಿಎಸ್ ಸಾಧನಗಳ ನಡುವೆ ಸಾಗಿಸಲು ಬಳಸುವ ಫೈಲ್) ಬೇರೆ ಸಾಧನಕ್ಕೆ ಸಾಗಿಸುವಾಗ 'ಟ್ರ್ಯಾಕ್' ರೂಪವನ್ನೇ ಆರಿಸಿಕೊಳ್ಳಿ. 'ರೂಟ್' ರೂಪದಲ್ಲಿ ಬಿಂದುಗಳ ನಡುವಿನ ದಾರಿಯನ್ನು ಸಾಧನವು ತನ್ನದೇ ಲೆಕ್ಕದಲ್ಲಿ ಬದಲಿಸಬಹುದು, ಆದರೆ ಟ್ರ್ಯಾಕ್ ಎಂಬುದು ನೀವು ಎಳೆದ ಗೆರೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ.

ಒಳರಸ್ತೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದು ಸಾಮಾನ್ಯವಾದ್ದರಿಂದ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಪೆಟ್ರೋಲ್ ಬಂಕ್‌ಗಳೂ ಅಲ್ಲಿ ವಿರಳ. ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಿಕೊಳ್ಳಿ ಎಂಬುದು ನನ್ನ ಕಳಕಳಿಯ ವಿನಂತಿ.