ನಾಟಕಕಾರನ ಕ್ಯಾಬರೆ

ಪ್ರಶ್ನೆ: ನೋಯೆಲ್ ಕವರ್ಡ್ ಅವರನ್ನು ತರಗತಿಯಲ್ಲಿ ಹಾಸ್ಯ ನಾಟಕಗಳ ಕರ್ತೃವೆಂದು ಓದಿದ್ದೆ. ಅವರು ಲಾಸ್ ವೇಗಸ್‌ನಲ್ಲಿ ಕ್ಯಾಬರೆ ನಡೆಸಿದ್ದರೆಂದು ಈಚೆಗೆ ತಿಳಿದು ಸೋಜಿಗವಾಯಿತು. ಅಷ್ಟು ದೊಡ್ಡ ನಾಟಕಕಾರರು ಅಲ್ಲಿಗೆ ಹೋಗಬೇಕಾದದ್ದು ಏಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕ್ಯಾಬರೆ ಎಂದೊಡನೆ ನಮಗೆ ನೆನಪಾಗುವುದು ಹಳೆಯ ಸಿನಿಮಾಗಳ ಕುಣಿತ, ಖಳನಾಯಕನ ಅಡ್ಡೆಯಲ್ಲಿ ಅದೊಂದು ಇರಲೇಬೇಕಿತ್ತು. ನಿಮ್ಮ ಸೋಜಿಗದಲ್ಲಿ ಅದರ ಪಾಲೂ ಇದ್ದೀತು. ಕವರ್ಡ್ ನಡೆಸಿದ್ದು ಬೇರೆಯೇ ಬಗೆಯದು: ಊಟದ ಮೇಜುಗಳ ನಡುವಿನ ಸಣ್ಣ ವೇದಿಕೆ, ಪಕ್ಕವಾದ್ಯ, ತಾವೇ ಬರೆದು ರಾಗ ಹಾಕಿದ ಹಾಡುಗಳು.

1899ರಲ್ಲಿ ಲಂಡನ್ನಿನ ಅಂಚಿನ ಟೆಡಿಂಗ್ಟನ್‌ನಲ್ಲಿ ಹುಟ್ಟಿದ ಅವರು 1911ರಲ್ಲೇ ಬಾಲನಟರಾಗಿ ರಂಗಕ್ಕೆ ಬಂದರು. 1924ರ ‘ದ ವೋರ್ಟೆಕ್ಸ್’ ಅವರಿಗೆ ನಾಟಕಕಾರರೆಂಬ ಹೆಸರು ತಂದಿತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, ‘ಲಂಡನ್ ಕಾಲಿಂಗ್’ ಎಂಬ ಹಾಡು-ಪ್ರಹಸನಗಳ ಪ್ರದರ್ಶನಕ್ಕೆ ಅವರು ಹಾಡು ಕಟ್ಟಿಕೊಟ್ಟಿದ್ದರು. ಆದ್ದರಿಂದ ನಾಟಕಕಾರ ಮೊದಲು, ಹಾಡುಗಾರ ಆಮೇಲೆ ಎಂಬ ನಮ್ಮ ಪಠ್ಯಪುಸ್ತಕದ ಲೆಕ್ಕವೇ ತಪ್ಪು.

ಎರಡನೆಯ ಮಹಾಯುದ್ಧದ ನಂತರ ಗಾಳಿ ಬದಲಾಯಿತು. 1946ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಬಂದ ‘ಪೆಸಿಫಿಕ್ 1860’ ಎಂಬ ಸಂಗೀತ ನಾಟಕ ಸೋತಿತು. 1950ರ ‘ಏಸ್ ಆಫ್ ಕ್ಲಬ್ಸ್’ ಕೂಡ ನಿರೀಕ್ಷೆಯನ್ನು ಮುಟ್ಟಲಿಲ್ಲ. ಕವರ್ಡ್ ಕಾಲ ಮುಗಿಯಿತೆಂದು ವಿಮರ್ಶಕರು ಬರೆಯುತ್ತಿದ್ದ ಆ ದಿನಗಳಲ್ಲಿ, 1951ರಲ್ಲಿ, ಅವರು ಲಂಡನ್ನಿನ ಕೆಫೆ ದ ಪ್ಯಾರಿಸ್ ಎಂಬ ನೈಟ್‌ಕ್ಲಬ್ಬಿನಲ್ಲಿ ಹಾಡಲು ನಿಂತರು, ಜನ ಮುಗಿಬಿದ್ದರು. ಹೀಗೆ ಒಬ್ಬಂಟಿಯಾಗಿ ಸಭೆಯನ್ನು ಹಿಡಿದಿಡುವ ಅಭ್ಯಾಸ ಅವರಿಗೆ ಯುದ್ಧಕಾಲದಲ್ಲೇ ಆಗಿತ್ತು. 1944ರಲ್ಲಿ ಪಿಯಾನೋ ವಾದಕ ನಾರ್ಮನ್ ಹ್ಯಾಕ್‌ಫೋರ್ತ್ ಜೊತೆ ಭಾರತ ಮತ್ತು ಬರ್ಮಾದ ಸೈನಿಕರ ಮುಂದೆ ಹಾಡುತ್ತ ತಿರುಗಿದ್ದ ಅವರಿಗೆ, ಊಟಕ್ಕೆ ಕುಳಿತ ಸಿರಿವಂತರು ಅಷ್ಟೇನೂ ಕಷ್ಟದ ಸಭಿಕರಾಗಿರಲಾರರು.

1955ರ ಜೂನ್‌ನಲ್ಲಿ ಲಾಸ್ ವೇಗಸ್‌ನ ಡೆಸರ್ಟ್ ಇನ್ ಎಂಬ ಹೋಟೆಲ್ ಕರೆಯಿತು. ಹಣ ಬೇಕಿತ್ತು ಎಂಬುದು ನಿಜ. ಬ್ರಿಟನ್ನಿನ ತೆರಿಗೆಯ ಭಾರ ತಾಳಲಾರದೆ ಮರುವರ್ಷ ಅವರು ದೇಶವನ್ನೇ ಬಿಟ್ಟರು. ಆದರೆ ಅಲ್ಲಿನ ಗೆಲುವನ್ನು ಹಣವೊಂದರಿಂದಲೇ ವಿವರಿಸಲಾಗದು. ಹ್ಯಾಕ್‌ಫೋರ್ತ್‌ಗೆ ಅಮೆರಿಕದಲ್ಲಿ ಕೆಲಸದ ಪರವಾನಗಿ ಸಿಗದ ಕಾರಣ ಪೀಟರ್ ಮ್ಯಾಟ್ಸ್ ಎಂಬ ತರುಣ ಪಿಯಾನೋಗೆ ಕುಳಿತು, ಹಳೆಯ ಹಾಡುಗಳಿಗೆ ಹೊಸ ವಾದ್ಯಸಂಯೋಜನೆ ಮಾಡಿದರು. ಕವರ್ಡ್ ಕಂಠ ದೊಡ್ಡದಲ್ಲ, ಇಂಪು ಕೂಡ ಅಷ್ಟಕ್ಕಷ್ಟೆ. ಆದರೆ ಎಷ್ಟೇ ವೇಗವಾಗಿ ಹಾಡಿದರೂ ಒಂದಕ್ಷರವೂ ನುಂಗಿಹೋಗುತ್ತಿರಲಿಲ್ಲ. ನಟನ ಆ ಉಚ್ಚಾರವೇ ಅವರ ಹಾಡಿನ ಬಂಡವಾಳವಾಗಿತ್ತು. ಅಲ್ಲಿನ ಧ್ವನಿಮುದ್ರಿಕೆ ಅದೇ ವರ್ಷ ಹೊರಬಂದಿತು. ನಾಟಕಗಳನ್ನು ಓದುವ ಮೊದಲು ಅದನ್ನು ಕೇಳಿ ಎಂದೇ ನನ್ನ ಸಲಹೆ.

ಪ್ರಶ್ನೆ: ಅವರಿಗೆ ಸ್ವರಲಿಪಿ ಬರುತ್ತಿರಲಿಲ್ಲವಂತೆ. ಹಾಗಾದರೆ ಅವರನ್ನು ಸಂಗೀತ ಸಂಯೋಜಕರೆನ್ನಬಹುದೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಧಾರಾಳವಾಗಿ ಎನ್ನಬಹುದು. ಪಿಯಾನೋವನ್ನು ಅವರು ಕಿವಿಯಿಂದಲೇ ನುಡಿಸುತ್ತಿದ್ದರು, ಅದೂ ಕೆಲವೇ ಶ್ರುತಿಗಳಲ್ಲಿ. ಬರೆದುಕೊಳ್ಳುವ ಕೆಲಸ ಬಹುಕಾಲ ಎಲ್ಸಿ ಏಪ್ರಿಲ್ ಎಂಬ ಸಹಾಯಕಿಯದಾಗಿತ್ತು. 1931ರಲ್ಲಿ ರಂಗಕ್ಕೆ ಬಂದ ‘ಮ್ಯಾಡ್ ಡಾಗ್ಸ್ ಅಂಡ್ ಇಂಗ್ಲಿಷ್‌ಮೆನ್’ ಹಾಡನ್ನಂತೂ ಹನೋಯ್‌ನಿಂದ ಸೈಗಾನ್‌ಗೆ ಹೋಗುವ ದಾರಿಯಲ್ಲಿ, ಕಾರಿನೊಳಗೆ, ಕಾಗದ ಪೆನ್ನು ಪಿಯಾನೋ ಯಾವುದೂ ಇಲ್ಲದೆ ತಲೆಯಲ್ಲೇ ಕಟ್ಟಿದೆನೆಂದು ಅವರು ಹೇಳಿಕೊಂಡಿದ್ದಾರೆ. ಕಿವಿಯಿಂದಲೇ ಕಲಿತ ಎಷ್ಟೋ ರಂಗಗೀತೆಗಳ ನಾಡಿನಲ್ಲಿ ಈ ಸಂಶಯ ಬರಬಾರದಿತ್ತು.